ರೆಕ್ಕೆ ಕುಸಿದದ್ದು ಯಾಕೆ

ಸವದತ್ತಿಯ ವಿಜ್ಞಾನ ಪ್ರದರ್ಶನದಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಪಗಾಂವದಿಂದ ಬಸ್ಸಿಗೆ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಹಾರುತ್ತಿರುವ ವಿಮಾನ ‘ಸ್ಟಾಲ್’ ಆಗಿ ಕುಸಿಯುವುದು ಯಾಕೆ ಎಂದು ಒಮ್ಮೆ ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ಕೂಡಿಯೇ ಓದಿ ತಿಳಿದುಕೊಂಡೆವು. ಅವಳ ತಂದೆ ತಗಡಿನ ಕೆಲಸದವರು. ಅಂಗಡಿಯ ಕೆಲಸ ಬಿಟ್ಟು ಕುಳಿತು, ತಗಡು ಬಗ್ಗಿಸಿ ಒಂದು ರೆಕ್ಕೆ ಮಾಡಿಕೊಟ್ಟರು. ಅದರ ಬೆನ್ನಿಗೆ ಉಣ್ಣೆಯ ಎಳೆಗಳನ್ನು ಅಂಟಿಸಿದೆವು. ತಕ್ಕಡಿಯ ಹಾಗೆ ತೂಗುವ ಕೋಲಿನ ತುದಿಗೆ ಅದನ್ನು ಕಟ್ಟಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆವು.

ನಿರ್ಣಾಯಕರೊಬ್ಬರು ಬಂದರು. “ಸ್ಟಾಲ್ ಅಂದ್ರ ಏನವಾ?”

“ರೆಕ್ಕಿ ಮೂತಿ ಭಾಳ ಮ್ಯಾಲೆತ್ತಿದ್ರ ಗಾಳಿ ಅದರ ಬೆನ್ನು ಬಿಟ್ಟು ಹೋಗತೈತ್ರಿ ಸರ್. ಆವಾಗ ಎತ್ತಿ ಹಿಡಿಯೋ ಬಲಾ ಒಮ್ಮೆಲೇ ಕಡಿಮಿ ಆಗತೈತ್ರಿ.”

ಅವರು ನಕ್ಕರು. “ತಪ್ಪು. ಎಂಜಿನ್ ಬಂದ್ ಬಿದ್ರ ಸ್ಟಾಲ್. ನನ್ನ ಕಾರು ಚಡಾವು ಏರೋ ಮುಂದ ಆಗತೈತಲ್ಲ, ಹಂಗ.”

“ಫ್ಯಾನ್ ಚಾಲೂನ ಐತ್ರಿ ಸರ್, ನೋಡ್ರಿ.” ಹುಡುಗಿ ರೆಕ್ಕೆಯ ಮೂತಿಯನ್ನು, ಫ್ಯಾನಿನ ಕಡೆಗಿದ್ದ ಅಂಚನ್ನು, ಸ್ವಲ್ಪ ಎತ್ತಿದಳು. ಎಳೆಗಳು ಬೆನ್ನಿಗಂಟಿ ಮಲಗಿದವು, ರೆಕ್ಕೆ ಮೇಲೇರಿತು. ಇನ್ನೂ ಎತ್ತಿದಳು. ಎಳೆಗಳು ಕೆದರಿದ ಕೂದಲಿನಂತೆ ಚೆದುರಿ ಕುಣಿದವು, ರೆಕ್ಕೆ ಕುಸಿಯಿತು. ಮೂತಿ ಇಳಿಸಿದ ಕೂಡಲೇ ಮತ್ತೆ ಎದ್ದಿತು. ಅಷ್ಟು ಹೊತ್ತೂ ಫ್ಯಾನ್ ಒಂದೇ ವೇಗದಲ್ಲಿ ತಿರುಗುತ್ತಿತ್ತು.

“ನಿನ್ನ ಕೋಲು ಲೂಸ್ ಐತಿ,” ಎಂದು ಅವರು ಹಾಳೆಯ ಮೇಲೆ ಏನೋ ಗೀಚಿದರು. ನನ್ನ ಕಡೆ ತಿರುಗಿ, “ಮೇಡಂ, ಮೊದಲ ನೀವು ಕಲೀರಿ” ಎಂದರು. ಅವಳ ತಂದೆ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಾವು ಓದಿದ್ದ ಪುಸ್ತಕ ಹಿಡಿದುಕೊಂಡು, ಚಹಾ ಕುಡಿಯುತ್ತಿದ್ದ ಆ ನಿರ್ಣಾಯಕರ ಹತ್ತಿರ ಹೋದೆ. ಪುಟ ತೆರೆದು ಮುಂದಿಟ್ಟೆ. ಅವರು ಕಣ್ಣು ಕೂಡ ಹಾಯಿಸಲಿಲ್ಲ. “ಪುಸ್ತಕದಾಗ ಏನರ ಬರೀತಾರ ಬಿಡ್ರಿ.” ವ್ಯವಸ್ಥಾಪಕರೊಬ್ಬರು ನನ್ನನ್ನು ಬದಿಗೆ ಕರೆದು, “ಅವರು ದೊಡ್ಡವರು, ಯಾಕ ಎದುರು ಹಾಕ್ಕೋತೀರಿ?” ಎಂದರು. ತಿಳಿಯದಿರುವುದು ತಪ್ಪಲ್ಲ, ನನಗೂ ತಿಳಿದಿರಲಿಲ್ಲ. ಆದರೆ ಕಣ್ಣೆದುರು ನಡೆದದ್ದನ್ನೇ ನಡೆದಿಲ್ಲ ಎನ್ನುವವರಿಗೆ ಮಕ್ಕಳ ವಿಜ್ಞಾನವನ್ನು ಅಳೆಯುವ ಹಕ್ಕು ಕೊಟ್ಟವರು ಯಾರು? ಮೊದಲ ಬಹುಮಾನ ಅಡುಗೆ ಸೋಡಾದ ಜ್ವಾಲಾಮುಖಿಗೆ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ರೆಕ್ಕೆಯ ಮೇಲಿನ ಎಳೆಗಳನ್ನು ಒಂದೊಂದಾಗಿ ನೇರ ಮಾಡಿದಳು. ಆಮೇಲೆ, “ಮೇಡಂ, ಅವರು ನೋಡಿದ್ರಲ್ರಿ?” ಎಂದಳು.

“ನೋಡಿದ್ರವಾ.”

“ಮತ್ತ?”

ಮರುದಿನವೇ ಪ್ರದರ್ಶನ ನಡೆಸಿದವರಿಗೆ ಆಕ್ಷೇಪಣೆ ಬರೆದು ಕಳಿಸಿದೆ. ಯಾರೂ ಉತ್ತರಿಸಲಿಲ್ಲ. ಮತ್ತೊಂದು ಬರೆದಿದ್ದೇನೆ. ಈ ಸಲ ಕೆಳಗೆ ಅವಳ ಸಹಿಯೂ ಇದೆ.