ನಮ್ಮ ಓಣಿಯ ಸ್ಲೈಡ್ ಶೋ

ಅಕ್ಷರಗಳು ಓಡಾಡುವುದನ್ನು ನಾನು ಮೊದಲು ಕಂಡದ್ದು ಬಾಗಲಕೋಟೆಯ ನವನಗರದಲ್ಲಿ, ಶಿಕ್ಷಕರಿಗೆಂದು ಬೇಸಿಗೆ ರಜೆಯಲ್ಲಿ ನಡೆಸಿದ ಕಂಪ್ಯೂಟರ್ ತರಬೇತಿಯಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಮನೆ ನವನಗರದಲ್ಲಿ, ಅಪ್ಪ ಅವ್ವನ ಜೊತೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು.

ತರಬೇತಿ ಕೊಡುವ ಹುಡುಗಿ ನನಗಿಂತ ಚಿಕ್ಕವಳು. ಪರದೆಯ ಮೇಲೆ ‘ಸುಸ್ವಾಗತ’ ಅಂತ ಬರೆದಳು, ಏನೋ ಒತ್ತಿದಳು. ಅಕ್ಷರಗಳು ಒಂದೊಂದಾಗಿ ಎಡಗಡೆಯಿಂದ ಹಾರಿ ಬಂದು, ಚೆಂಡಿನ ಹಾಗೆ ಪುಟಿದು, ಸಾಲಾಗಿ ನಿಂತವು. ಕೊನೆಗೆ ಸ್ಪೀಕರಿನಿಂದ ಚಪ್ಪಾಳೆ ಸದ್ದು ಬಂತು. ಬಾದಾಮಿಯಿಂದ ಬಂದಿದ್ದ ಹಿರಿಯ ಹಿಂದಿ ಮಾಸ್ತರರೊಬ್ಬರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. “ಅಯ್ಯಯ್ಯ, ಅಕ್ಷರಕ್ಕ ಕಾಲು ಬಂದ್ವಲ್ರೀ!” ಅಂದರು. ನಾವೆಲ್ಲ ನಕ್ಕೆವು, ಆದರೆ ನನ್ನ ಕಣ್ಣೂ ಪರದೆ ಬಿಟ್ಟು ಕದಲಲಿಲ್ಲ. ಇಷ್ಟು ವರ್ಷ ಕರಿ ಹಲಗಿಯ ಮೇಲೆ ಬರೆದ ಅಕ್ಷರ ಬರೆದಲ್ಲೇ ಇರುತ್ತಿತ್ತು. ಇಲ್ಲಿ ಅದು ತಾನೇ ಬರುತ್ತದೆ, ತಾನೇ ಹೋಗುತ್ತದೆ.

ಆ ಹುಡುಗಿ ಮೂರು ಮಾತಿನಲ್ಲಿ ಹೇಳಿಕೊಟ್ಟಳು. ಎಂಟ್ರನ್ಸ್ ಅಂದರೆ ಚಿತ್ರ ಪರದೆಗೆ ಬರುವ ಬಗೆ. ಎಂಫಸಿಸ್ ಅಂದರೆ ನಿಂತಲ್ಲೇ ಮಿನುಗುವುದು, ತಿರುಗುವುದು. ಎಕ್ಸಿಟ್ ಅಂದರೆ ಹೊರಟುಹೋಗುವ ಬಗೆ. “ಎಲ್ಲಾ ಕಡೆ ಹಾಕಬ್ಯಾಡ್ರಿ ಅಕ್ಕೋರ, ಎಲ್ಲಿ ಬೇಕೋ ಅಲ್ಲಿ ಹಾಕ್ರಿ” ಅಂತಲೂ ಹೇಳಿದಳು. ಆ ಮಾತು ನಮ್ಮ ಯಾರ ಕಿವಿಗೂ ಬೀಳಲಿಲ್ಲ. ಹೊಸ ಮಸಾಲಿ ಕೈಗೆ ಸಿಕ್ಕವರು ಹಾಲಿಗೂ ಹಾಕಿ ನೋಡುತ್ತಾರೆ. ನಾನು ಅಶೋಕನ ಶಾಸನವನ್ನು ಗಿರಗಿಟ್ಲೆ ತಿರುಗಿಸಿದೆ, ಚಾಲುಕ್ಯರನ್ನು ಮೇಲಿನಿಂದ ಉದುರಿಸಿದೆ.

ಈ ಸುದ್ದಿ ಓಣಿಯ ಹೆಡ್ ಮಾಸ್ತರರಿಗೆ ಮುಟ್ಟಿತು. ಓಣಿ ಅಂದರೆ ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆ ಇದ್ದ ಓಣಿ. ಅಣೆಕಟ್ಟಿನ ನೀರು ಬಂದು ಅದು ಮುಳುಗಿ ಆಗಲೇ ವರ್ಷಗಳಾಗಿದ್ದವು. ಅಲ್ಲಿನ ಮನೆಗಳವರು ನವನಗರದ ಬೇರೆ ಬೇರೆ ಸೆಕ್ಟರಿನಲ್ಲಿ ಹಂಚಿಹೋಗಿದ್ದರು. ಮೊದಲು ಕಟ್ಟೆಯ ಮೇಲೆ ಕುಂತು ಮಾತಾಡುತ್ತಿದ್ದವರು ಈಗ ಸಂತೆಯಲ್ಲಿ ಸಿಕ್ಕರೆ ಸಿಕ್ಕರು. ನಿವೃತ್ತ ಹೆಡ್ ಮಾಸ್ತರರು ಎಲ್ಲರನ್ನೂ ಒಂದು ಭಾನುವಾರ ಮಧ್ಯಾಹ್ನ ಒಂದೆಡೆ ಕೂಡಿಸಬೇಕು ಅಂತ ಹಟ ಹಿಡಿದಿದ್ದರು.

“ನೀ ಕಂಪ್ಯೂಟರ್ ಕಲ್ತೀಯಂತ. ಓಣಿ ಫೋಟೋ ಎಲ್ಲಾ ಹಾಕಿ ಒಂದು ಸಿನೆಮಾ ಮಾಡವ್ವ” ಅಂದರು.

ಫೋಟೋ ಇದ್ದವು. ಮನೆ ಬಿಡುವ ಹೊತ್ತಿನಲ್ಲಿ ಸ್ಟುಡಿಯೋದವನೊಬ್ಬನನ್ನು ಕರೆಸಿ, ಪ್ರತಿ ಮನೆಯವರೂ ತಮ್ಮ ಹೊಸ್ತಿಲ ಮುಂದೆ ನಿಂತು ಒಂದೊಂದು ತೆಗೆಸಿಕೊಂಡಿದ್ದರು. ನಮ್ಮ ಮನೆಯ ಫೋಟೋದಲ್ಲಿ ಅವ್ವ ಒಬ್ಬಳೇ ಇದ್ದಳು. ಕೆಂಪು ಸೆರಗಿನ ಇಳಕಲ್ ಸೀರೆ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಅಪ್ಪ ನಿಲ್ಲಲು ಒಪ್ಪಿರಲಿಲ್ಲ. ಅಪ್ಪನಿಗೆ ಹಳೇ ಪೇಟೆಯಲ್ಲಿ ಸೀರೆ ಅಂಗಡಿ ಇತ್ತು, ಮಾತು ಕಡಿಮೆ. ಮನೆ ಬಿಟ್ಟ ದಿನ ಒಂದೇ ಮಾತು ಹೇಳಿದ್ದರು: “ಹೋದದ್ದು ಹೋತು. ಇನ್ನ ಆ ಕಡೆ ಯಾರೂ ಹೋಗೂದು ಬ್ಯಾಡ, ನೋಡೂದೂ ಬ್ಯಾಡ.” ಅವ್ವ ಅದೇ ಓಣಿಯಲ್ಲಿ ಹುಟ್ಟಿ, ಅದೇ ಓಣಿಗೆ ಸೊಸೆಯಾಗಿ ಬಂದವಳು. ಆದರೂ ಆ ಮಾತು ಮೀರಲಿಲ್ಲ.

ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ನಾನು ಸ್ಲೈಡ್ ಮಾಡಿದೆ. ಹಿನ್ನೆಲೆಗೆ ಗಾಢ ನೀಲಿ ಹಾಕಿದೆ, ಅದರ ಮೇಲೆ ಬಿಳಿ ಅಕ್ಷರ ಚೆಂದ ಕಾಣುತ್ತದೆ ಅಂತ ಕಲಿಸಿದ್ದರು. ಒಂದು ಫೋಟೋ ಹೋಗಿ ಇನ್ನೊಂದು ಬರಲು ಎಕ್ಸಿಟ್ ಪಟ್ಟಿಯಲ್ಲಿ ‘ವೈಪ್’ ಆರಿಸಿದೆ. ಅದು ಹಲಗಿ ಒರೆಸಿದ ಹಾಗೆ ಚಿತ್ರವನ್ನು ಒಂದು ಕಡೆಯಿಂದ ಅಳಿಸುತ್ತ ಹೋಗುತ್ತದೆ. ಎಲ್ಲಿಂದ ಅಳಿಸಬೇಕು ಅನ್ನುವಲ್ಲಿ ‘ಕೆಳಗಿನಿಂದ’ ಅಂತ ಅದಾಗಿಯೇ ಇತ್ತು. ವಯಸ್ಸಾದವರು ನೋಡುವುದು ಅಂತ ವೇಗ ಬಹಳ ನಿಧಾನ ಇಟ್ಟೆ. ಪ್ರತಿ ಫೋಟೋದ ಕೊನೆಗೆ ಚಪ್ಪಾಳೆ ಸದ್ದು ಸೇರಿಸಿದೆ. ಪ್ರತಿ ಸಲ ಒತ್ತುವ ತ್ರಾಸು ಬೇಡ ಅಂತ, ಒಂದು ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುವ ಹಾಗೆ ಮಾಡಿದೆ. ಸಣ್ಣ ಪರದೆಯಲ್ಲಿ ಓಡಿಸಿ ನೋಡಿದಾಗ ಎಲ್ಲ ಸರಿಯಾಗಿಯೇ ಓಡಿತು. ನನಗಂತೂ ಹೆಮ್ಮೆಯಾಯಿತು.

ಭಾನುವಾರ ಸಮುದಾಯ ಭವನ ತುಂಬಿತ್ತು. ಕಿಟಕಿಗಳಿಗೆ ಜಮಖಾನಿ ಕಟ್ಟಿ ಕತ್ತಲೆ ಮಾಡಿದ್ದರು. ಗೋಡೆಗೆ ಬಿಳಿ ಪರದೆ. ಪ್ರೊಜೆಕ್ಟರು, ಲ್ಯಾಪ್‌ಟಾಪು ಎರಡೂ ಸ್ಟುಡಿಯೋದಿಂದ ಬಾಡಿಗೆಗೆ ಬಂದಿದ್ದವು. ಹೆಂಗಸರು ಮುಂದೆ, ಗಂಡಸರು ಹಿಂದೆ. ಅವ್ವ ಮೊದಲ ಸಾಲಿನಲ್ಲಿ. ಅಪ್ಪ ಬರುವುದಿಲ್ಲ ಅಂದಿದ್ದವರು ಕಡೇ ಗಳಿಗೆಯಲ್ಲಿ ಬಂದು ಬಾಗಿಲ ಹತ್ತಿರ ನಿಂತಿದ್ದರು.

ಮೊದಲು ‘ನಮ್ಮ ಓಣಿ’ ಅಂತ ಅಕ್ಷರ ಪುಟಿಯುತ್ತ ಬಂದವು. ಮಂದಿ ಹೋ ಅಂದರು. ಆಮೇಲೆ ನಮ್ಮ ಮನೆ ಬಂತು, ಓಣಿಯ ಬಾಯಲ್ಲೇ ಇದ್ದದ್ದು ನಮ್ಮ ಮನೆ. ಗೋಡೆಯಷ್ಟು ದೊಡ್ಡ ಮನೆ, ಆಳೆತ್ತರದ ಅವ್ವ. “ಅಯ್ಯ, ಹೆಂಗ ನಿಂತಾಳ ನೋಡ ಬೇ!” ಅಂತ ಯಾರೋ ಅಂದರು. ಅವ್ವ ನಾಚಿ ಸೆರಗು ಬಾಯಿಗೆ ಹಿಡಿದಳು.

ಆಗ ನೀಲಿ ಏರತೊಡಗಿತು.

ಕೆಳಗಿನಿಂದ, ಬಹಳ ನಿಧಾನವಾಗಿ. ಮೊದಲು ಮೆಟ್ಟಿಲು ಹೋಯಿತು. ಆಮೇಲೆ ಹೊಸ್ತಿಲು, ಹೊಸ್ತಿಲ ಜೊತೆ ಅವ್ವನ ಪಾದ. ಸೀರೆಯ ನೆರಿಗೆ ಹೋಯಿತು, ಸೊಂಟ ಹೋಯಿತು. ಅಲ್ಲಿಯವರೆಗೂ ನನಗೆ ಏನೂ ಹೊಳೆಯಲಿಲ್ಲ ಅಂದರೆ ನಂಬಬೇಕು. ಭವನದಲ್ಲಿ ಸದ್ದು ಪೂರಾ ನಿಂತಾಗ ತಲೆ ಎತ್ತಿ ನೋಡಿದೆ. ನೀರು ಅವ್ವನ ಗದ್ದದವರೆಗೆ ಬಂದಿತ್ತು. ಬಾಗಿಲ ಚೌಕಟ್ಟು ಹಿಡಿದ ಕೈ ಇನ್ನೂ ಮೇಲಿತ್ತು. ಮುಖ ಮುಳುಗಿತು, ಕೈ ಮುಳುಗಿತು, ಕಿಟಕಿ, ಮಾಳಿಗೆ, ಕೊನೆಗೆ ಬರೀ ನೀಲಿ. ಮರುಕ್ಷಣ ಸ್ಪೀಕರಿನಿಂದ ಚಪ್ಪಾಳೆ.

ಆ ಚಪ್ಪಾಳೆ ನನಗೆ ಇವತ್ತಿಗೂ ಕೇಳಿಸುತ್ತದೆ. ಅಷ್ಟರಲ್ಲಿ ಎರಡನೇ ಮನೆ ಬಂತು, ಹೆಡ್ ಮಾಸ್ತರರದು. ಮನೆ ಮಂದಿಯೆಲ್ಲ ಸಾಲಾಗಿ ನಿಂತಿದ್ದಾರೆ, ಮುಂದೆ ಕುಂತ ಮೊಮ್ಮಕ್ಕಳು. ನೀಲಿ ಮತ್ತೆ ಕೆಳಗಿನಿಂದ ಶುರುವಾಯಿತು. ಮಕ್ಕಳು ಮೊದಲು ಹೋದರು.

“ನಿಂದ್ರಸವ್ವಾ! ನಿಂದ್ರಸ ಅದನ್ನ!” ಅಂತ ಒಬ್ಬ ಅಜ್ಜಿ ಚೀರಿದಳು. “ಮುಂದಿಂದು ನಮ್ಮನಿ ಐತಿ. ನಮ್ಮ ಮುದುಕ ಅದಾನ ಅದರಾಗ!” ಅವಳ ಗಂಡ ಆ ಫೋಟೋ ತೆಗೆಸಿದ ವರ್ಷವೇ ತೀರಿಕೊಂಡಿದ್ದ.

ನಾನು ಮೌಸು ಒತ್ತಿದೆ. ಅದು ನಿಲ್ಲುವ ಬದಲು ಇನ್ನೂ ಬೇಗ ಮುಂದಕ್ಕೆ ಹೋಯಿತು. ಯಾವ ಗುಂಡಿ ಒತ್ತಿದರೆ ಆಟ ಪೂರಾ ನಿಲ್ಲುತ್ತದೆ ಅನ್ನುವುದು ತಲೆಯಿಂದ ಅಳಿಸಿಹೋಗಿತ್ತು. ಏನೂ ತೋಚದೆ ಎದ್ದು ಪ್ರೊಜೆಕ್ಟರಿನ ಮುಂದೆ ಎರಡೂ ಕೈ ಅಡ್ಡ ಹಿಡಿದೆ. ಅಜ್ಜಿಯ ಮನೆ ನನ್ನ ಅಂಗೈ ಮೇಲೆ ಬಂತು, ನೀಲಿ ನನ್ನ ಬೆರಳುಗಳ ಮೇಲೆ ಹತ್ತಿತು. ಗೋಡೆಯ ಮೇಲೆ ನನ್ನ ಕೈಯ ಕರಿ ನೆರಳು. ಸ್ಟುಡಿಯೋದವನು ಓಡಿ ಬಂದು ವೈರು ಕಿತ್ತ.

ಯಾರೋ ಕಿಟಕಿಯ ಜಮಖಾನಿ ಸರಿಸಿದರು. ಬಿಸಿಲು ಬಂತು. ಮುಂದಿನ ಸಾಲಿನ ಹೆಂಗಸರು ಅಳುತ್ತಿದ್ದರು. ಅವ್ವ ಅಳುತ್ತಿರಲಿಲ್ಲ. ಖಾಲಿ ಪರದೆಯನ್ನೇ ನೋಡುತ್ತಿದ್ದಳು. ನಾನು ಹೋಗಿ ಅವಳ ಮುಂದೆ ಕೂತೆ. “ಅವ್ವ, ಅದು ವೈಪ್ ಅಂತ ಬೇ, ಬರೀ ಅಳಸೂದು” ಅಂದೆ.

ಆಗ ಹಿಂದಿನಿಂದ ಅಪ್ಪನ ದನಿ ಬಂತು.

“ಹಂಗ ಬರಲಿಲ್ಲ ಅದು.”

ಎಲ್ಲರೂ ತಿರುಗಿದರು. ಅಪ್ಪ ಮಂದಿಯಲ್ಲಿ ಮಾತಾಡುವವರೇ ಅಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪರದೆಯ ಕಡೆ ನೋಡುತ್ತಲೇ ಹೇಳಿದರು: “ನೀರು ಮುಂದಿಂದ ಬರಲಿಲ್ಲ. ಹಿತ್ತಲ ಕಡಿಂದ ಬಂತು. ಅದು ಹೊಸ್ತಿಲಕ್ಕ ಮುಟ್ಟೂದ್ರಾಗ ಹಿಂದಿನ ಗ್ವಾಡಿ ಕರಗಿ ಬಿದ್ದಿತ್ತು. ಯಾ ಮನಿನೂ ನಿಂತಾಂಗ ನಿಂತು ಮುಳುಗಲಿಲ್ಲ.”

ನೀಲಿ ಏರಿದ್ದಕ್ಕಿಂತ ದೊಡ್ಡ ಏಟು ಇದು. ಅವ್ವ ಎದ್ದು ನಿಂತಳು.

“ನಿಮಗ ಹೆಂಗ ಗೊತ್ತ್ರಿ?”

ಅಪ್ಪ ಬಾಗಿಲ ಕಡೆ ತಿರುಗಿದರು.

“ನಿಮ್ಮನ್ನ ಕೇಳಾಕತ್ತೇನಿ. ನಿಮಗ ಹೆಂಗ ಗೊತ್ತು?”

“ನಾ ನೋಡೇನಿ” ಅಂದರು ಅಪ್ಪ. ಅಂದು ಹೊರಗೆ ನಡೆದರು.

ಮನೆಗೆ ಬರುವವರೆಗೂ ಅವ್ವ ನನಗಿಂತ ಮುಂದೆ ಬಿರಬಿರನೆ ನಡೆದಳು. ಅಪ್ಪ ಮೊದಲೇ ಬಂದು ಪಡಸಾಲೆಯಲ್ಲಿ ಕುಂತಿದ್ದರು. ಅವ್ವ ಅವರೆದುರು ನೆಲದ ಮೇಲೆ ಕುಂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ಇಳಕಲ್ಲಿಗೆ ಸೀರಿ ತರಾಕ ಹೋಗ್ತೇನಿ ಅಂತಿದ್ರಲ್ಲ ಆವಾಗ?”

“ಕೆಲವು ಸಲ ಇಳಕಲ್ಲಿಗೇ ಹೋಗಿದ್ದೆ.”

“ಉಳದ ಸಲ?”

“ಅಲ್ಲೇ, ಓಣಿಗೆ.”

“ನನಗ ಬ್ಯಾಡ ಅಂದು ನೀವು ಹೋದ್ರಿ.” ಅವ್ವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಈ ಮನುಷ್ಯ ಸುಳ್ಳು ಹೇಳಿದ್ದು ಅವಳಿಗೆ ಇದೇ ಮೊದಲು ಗೊತ್ತಾಗಿದ್ದು.

ಅಪ್ಪನ ಬಾಯಿಂದ ಮಾತು ಬಂತು, ತಡೆದು ತಡೆದು. “ಮೊದಲನೇ ಸಲ ಹೋದಾಗ ನೀರು ಹಿತ್ತಲದಾಗ ಇತ್ತು. ನೀ ತುಳಸಿಗೆ ನೀರ ಹಾಕತಿದ್ದ ಕಟ್ಟಿ ಸುತ್ತ. ಬಾಗಲಾ ನಾವೇ ಕಿತ್ತು ಇಲ್ಲಿ ತಂದು ಹಚ್ಚಿದ್ವಿ. ಬಾಗಲಾ ಇಲ್ಲದ ಮನಿ ಅದು, ನೀರು ಯಾರನ್ನ ಕೇಳಬೇಕಾಗಿತ್ತು? ಅದನ್ನ ನೋಡಿ ಬಂದ ಮ್ಯಾಲೆ ನಿನಗ ತೋರಸೂ ಧೈರ್ಯ ಆಗಲಿಲ್ಲ. ಆದ್ರ ನನಗ ಬಿಡಾಕೂ ಆಗಲಿಲ್ಲ. ಒಬ್ಬರರ ಇರಬೇಕಲ್ಲ ಅದರ ಮುಂದ, ಅನಸ್ತು.”

ನಾನು ಅಪ್ಪನನ್ನು ಹೊಸದಾಗಿ ನೋಡಿದ ಹಾಗೆ ನೋಡಿದೆ. ಮುಳುಗುವ ಮನೆಯ ಮುಂದೆ, ಯಾವುದೋ ದಿಬ್ಬದ ಮೇಲೆ, ಸೀರೆಯ ಗಂಟು ಪಕ್ಕಕ್ಕೆ ಇಟ್ಟು ಒಬ್ಬರೇ ಕುಂತ ಅಪ್ಪ. ಕಷ್ಟದಲ್ಲಿದ್ದ ರೋಗಿಯ ಹತ್ತಿರ ದವಾಖಾನಿಯಲ್ಲಿ ಕೂರುತ್ತಾರಲ್ಲ, ಹಾಗೆ. ಇಷ್ಟು ದಿನ ಅವರಿಗೆ ಮನಸ್ಸೇ ಇಲ್ಲ ಅಂದುಕೊಂಡಿದ್ದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನನ್ನ ಕರಕೊಂಡು ಹೋಗ್ರಿ.”

“ಏನೂ ಇಲ್ಲ ಈಗ. ಬರೇ ನೀರು.”

“ನೀರರ ನೋಡತೇನಿ.”

ಹೆಡ್ ಮಾಸ್ತರರು ಮರುದಿನವೇ ಬಂದರು. ಬಯ್ಯುತ್ತಾರೆ ಅಂದುಕೊಂಡೆ. ಅವರು ಬಯ್ಯಲಿಲ್ಲ, ಮಂದಿ ಫೋಟೋ ಮತ್ತೆ ಕೇಳುತ್ತಿದ್ದಾರೆ, “ಆ ಹಾರೂದು ಮುಳುಗೂದು ಬಿಟ್ಟು ತೋರಸು” ಅಂದರು. ನಾನು ಒಂದೊಂದೇ ಸ್ಲೈಡ್ ತೆಗೆದು ಎಲ್ಲಾ ಅನಿಮೇಶನ್ ಕಿತ್ತುಹಾಕಿದೆ, ಸದ್ದು ತೆಗೆದೆ, ಹಿನ್ನೆಲೆ ಬಿಳಿ ಮಾಡಿದೆ. ಮುಂದಿನ ಸಲ ಹೆಡ್ ಮಾಸ್ತರರ ಮನೆಯಲ್ಲೇ ತೋರಿಸಿದ್ದು. ನಾನು ಒತ್ತಿದಾಗಷ್ಟೇ ಚಿತ್ರ ಬದಲಾಗುತ್ತಿತ್ತು. ಒಂದೊಂದು ಮನೆಯ ಮುಂದೆ ಮಂದಿ ಬೇಕಾದಷ್ಟು ಹೊತ್ತು ನಿಂತರು. ಚೀರಿದ್ದ ಅಜ್ಜಿ ಗಂಡನ ಚಿತ್ರ ಬಂದಾಗ, “ಇರಲಿ ಬಿಡವ್ವ, ಸ್ವಲ್ಪ ಕುಂದರಲಿ ಅಂವ” ಅಂದಳು. ಅಜ್ಜಿಯ ಚಹಾ ಮುಗಿಯುವವರೆಗೂ ನಾನು ಗುಂಡಿ ಮುಟ್ಟಲಿಲ್ಲ.

ದಸರೆ ಮುಗಿದ ಮೇಲೆ ಒಂದು ಮುಂಜಾನೆ ನಾವು ಮೂವರೂ ಹಳೇ ಊರಿಗೆ ಹೋದೆವು. ಬಸ್ಸು ಇಳಿದು ನಡೆಯುತ್ತ ಹೋದರೆ ಡಾಂಬರು ರಸ್ತೆ ನೇರವಾಗಿ ನೀರಿನೊಳಗೆ ಇಳಿದುಹೋಗುತ್ತದೆ, ಮುಂದೆ ಊರಿದೆ ಅನ್ನುವ ಹಾಗೆ. ಅವ್ವ ಅಲ್ಲಿ ನಿಂತುಬಿಟ್ಟಳು. ನೀರು ಎಷ್ಟು ದೂರ ಹಬ್ಬಿರಬಹುದು ಅಂತ ಅವಳು ಯೋಚಿಸಿಯೇ ಇರಲಿಲ್ಲ. “ಇಷ್ಟು?” ಅಂದಳು. “ಇಷ್ಟರಿ?”

ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೈ ಚಾಚಿ ತೋರಿಸಿದಳು. “ನಮ್ಮ ಓಣಿ ಅಲ್ಲಿ.”

“ಅಲ್ಲಲ್ಲ. ಇನ್ನೂ ಈ ಕಡೆ” ಅಂದರು ಅಪ್ಪ.

“ಅಲ್ಲೇ ಹುಟ್ಟಿದವಳು ನಾ. ನನಗ ಹೇಳ್ತೀರಿ?”

“ಹುಟ್ಟಿದವಳು ನೀ. ಮುಳುಗೂದು ನೋಡಿದಂವ ನಾ.”

ಅವ್ವ ಅವರ ಮುಖ ನೋಡಿದಳು. ನನಗೆ ಭಯವಾಯಿತು, ಇಲ್ಲೂ ಜಗಳಕ್ಕೆ ನಿಲ್ಲುತ್ತಾಳೆ ಅಂತ. ಆದರೆ ಅವಳು ಅಪ್ಪನ ಮೊಣಕೈ ಹಿಡಿದು, ಅವರ ಬೆರಳು ತೋರಿಸಿದ ಕಡೆಗೇ ಕಣ್ಣು ಕಿರಿದು ಮಾಡಿ ನೋಡತೊಡಗಿದಳು. “ಬಾವಿ ಎಲ್ಲಿ ಬರತೈತಿ ಹಂಗಾರ?” ಅಂತ ಕೇಳಿದಳು. ಅಪ್ಪ ಹೇಳತೊಡಗಿದರು.