ಕಿಟಕಿ ಸೀಟಿನ ಒಡಪು

'ವ್ಯಕ್ತಿ ಮತ್ತು ಸಮಾಜ' ಪ್ರಬಂಧದ ರೂಪರೇಖೆ ಎರಡನೇ ಸಲವೂ ವಾಪಸು ಬಂದಿತ್ತು. ಮಾಲವಿಕಾ ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಸಮಾಜವೇನೋ ತುಂಬಿದೆ, ವ್ಯಕ್ತಿ ಎಲ್ಲಿ? ಸಾಹಿತ್ಯದಿಂದ ಒಂದು ಉದಾಹರಣೆ ಕೊಡಿ.'

ಚಂದ್ರಾ ಲೇಔಟಿನ ಮನೆಯಲ್ಲಿ ಊಟದ ಮೇಜಿನ ಮುಂದೆ ಕುಳಿತಿದ್ದ ಜಗದಾಂಬಾ ಕನ್ನಡಕ ತೆಗೆದಿಟ್ಟರು. ಗದಗಿನಲ್ಲಿ ಮದುವೆಗೆಂದು ಅರ್ಧಕ್ಕೆ ಬಿಟ್ಟ ಬಿ.ಎ. ಓದನ್ನು ಅರವತ್ತು ದಾಟಿದ ಮೇಲೆ ಮತ್ತೆ ಹಿಡಿದಿದ್ದರು. ನಾಳೆಯೂ ಇದು ಸರಿಹೋಗದಿದ್ದರೆ ಓದಿಗೆ ಕೈಮುಗಿದುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು.

"ನಿಮ್ಮ ಕಥೆನೇ ಬರೀರಿ ಅಜ್ಜಿ" ಎಂದಳು ಮೊಮ್ಮಗಳು ರಕ್ಷಾ, ಮೊಬೈಲಿನಿಂದ ಕಣ್ಣೆತ್ತದೆ. "ತಾತನ ಹೆಸರನ್ನ ಒಂದ್ಸಲಾನೂ ಹೇಳಿಲ್ಲ ನೀವು. ಸಮಾಜ ಹೇಳ್ಬೇಡ ಅಂತು, ನೀವು ಬಾಯಿ ಮುಚ್ಕೊಂಡ್ರಿ."

"ಯಾರಂದ್ರು? ಒಡಪಿನಾಗ ಹೇಳೀನಿ!"

"ಒಡಪು ಅಂದ್ರೆ?"

ಜಗದಾಂಬಾ ನಕ್ಕರು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸದ ಸಾಲು ಕಟ್ಟಿ, ಅದರ ತುದಿಗೆ ಹೆಸರು ಪೋಣಿಸಿ ಹೇಳಬೇಕು. ಅವರ ಕಡೆಯ ಹೆಂಗಸರ ರೂಢಿ ಅದು. ಮದುವೆಯಾಗಿ ಬೆಂಗಳೂರಿನ ವಿಜಯನಗರಕ್ಕೆ ಬಂದ ವರ್ಷ, ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಹೆಂಗಸರೆಲ್ಲ ಸೇರಿ ಬಾಗಿಲಿಗೆ ಅಡ್ಡ ನಿಂತಿದ್ದರು. ಹೆಸರು ಹೇಳದೆ ಹೊಸ ಸೊಸೆಯನ್ನು ಒಳಗೆ ಬಿಡುವವರಲ್ಲ. ಅತ್ತೆ ಬೆಳ್ಳಿ ತಟ್ಟೆ, ಮಲ್ಲಿಗೆ ದಂಡೆ ಇರುವ ಒಡಪೊಂದನ್ನು ಕಲಿಸಿಯೇ ಕರೆತಂದಿದ್ದರು. ಆದರೆ ಆ ಹೊತ್ತಿಗೆ ನಾಲಿಗೆಗೆ ಬಂದದ್ದು ಬೇರೆಯೇ:

"ಮಾಗಡಿ ರೋಡಿನ ಬಸ್ಸಿನಾಗ ಕಿಟಕಿ ಸೀಟು ಕೊಟ್ಟವರು,
ತವರು ನೆನೆಸಿ ಅತ್ತಾಗ ಕಂಡೂ ಕಾಣದಂಗ ಇದ್ದವರು,
ನಮ್ಮ ಪಂಚಾಕ್ಷರಿಯವರು."

"ಅಯ್ಯ ಶಿವನ, ಒಡಪಿನಾಗ ಬಸ್ಸೂ ಬಂತಲ್ರೆ!" ಎಂದು ಯಾರೋ ಕೂಗಿದರು. ಬಾಗಿಲೆಲ್ಲ ನಗೆ. ಅತ್ತೆ ಮಾತ್ರ ಮುಖ ಬಿಗಿದುಕೊಂಡರು. "ನಾ ಕಲಿಸಿದ್ದು ಏನಾತು?" ಗಂಡಸರ ಪಂಕ್ತಿಯಲ್ಲಿದ್ದ ಪಂಚಾಕ್ಷರಿಯವರಿಗೂ ಅದು ಕೇಳಿಸಿತ್ತು. ಅಂದಿನಿಂದ ಸಾಯುವವರೆಗೂ ಯಾವ ಬಸ್ಸಿನಲ್ಲೂ ಕಿಟಕಿಯ ಪಕ್ಕ ತಾವು ಕೂರಲಿಲ್ಲ. ವಿಜಯನಗರಕ್ಕೆ ಮೆಟ್ರೋ ಬಂದಾಗ, ಕಿಟಕಿಗೆ ಬೆನ್ನು ಮಾಡಿದ ಉದ್ದುದ್ದ ಸೀಟುಗಳನ್ನು ನೋಡಿ, "ಇದರಾಗ ನಿನಗ ಏನ್ ಕೊಡ್ಲಿ?" ಎಂದು ಪೇಚಾಡಿದ್ದರು.

"ಅಜ್ಜಿ, ಇನ್ನೊಂದ್ಸಲ ಹೇಳಿ" ಎಂದಳು ರಕ್ಷಾ. ಮೊಬೈಲು ಮೇಜಿನ ಮೇಲೆ ಬೋರಲು ಬಿದ್ದಿತ್ತು.

ಜಗದಾಂಬಾ ಕನ್ನಡಕ ಹಾಕಿಕೊಂಡು ಹೊಸ ಹಾಳೆ ಎಳೆದುಕೊಂಡರು. ಪೀಠಿಕೆ: ಹೆಸರು ಹೇಳಬಾರದೆಂಬ ಕಟ್ಟಳೆ. ಮುಂದಕ್ಕೆ: ಎಲ್ಲರಿಗೂ ಒಂದೇ ಆಗಿದ್ದ ಆ ಕಟ್ಟಳೆಯೊಳಗೆ ಒಬ್ಬಳು ತನ್ನ ಬಸ್ಸನ್ನು ತಂದು ನಿಲ್ಲಿಸಿದ್ದು. ಉದಾಹರಣೆಗೆ ಗಂಡನ ಹೆಸರೊಂದನ್ನೇ ಬರೆಯಹೋದರೆ ಕೈ ಏಳಲಿಲ್ಲ. ಒಡಪನ್ನು ಪೂರ್ತಿ ಬರೆದಾಗ ಹೆಸರು ತಾನಾಗಿ ಬಂತು.

ಮರುದಿನ ಮಾಲವಿಕಾ ಮೇಡಂ ಹಾಳೆಯನ್ನು ಎರಡು ಸಲ ಓದಿದರು. ಜಗದಾಂಬಾ ಸೆರಗಿನ ತುದಿ ಹಿಡಿದು ನಿಂತಿದ್ದರು.

"ಈಗ ಸಿಕ್ರು ನೋಡಿ ವ್ಯಕ್ತಿ. ಪ್ರಬಂಧ ಶುರು ಮಾಡಿ ಅಮ್ಮ" ಎಂದರು ಮೇಡಂ. "ಆದ್ರೆ ಒಂದು ಮರ್ತಿದೀರ. ಪದ್ಯದ ಕೆಳಗೆ ಕವಿ ಹೆಸರು ಹಾಕ್ಬೇಕಲ್ವಾ?"

ಜಗದಾಂಬಾ ಪೆನ್ನು ತೆಗೆದುಕೊಂಡರು. ಹೊಸ ಸೊಸೆಯ ಹಾಗೆ ನಾಚಿ, ಒಡಪಿನ ಕೆಳಗೆ ತಮ್ಮ ಹೆಸರು ಬರೆದರು.