ಕೂತು ಕೇಳಬೇಕಾದ ಹೆಸರು

ಆರಡಿ ದಾಟಿದ ಎತ್ತರ, ತಾಮ್ರದಿಂದ ಬೂದಿಯ ಬಣ್ಣಕ್ಕೆ ತಿರುಗುತ್ತಿದ್ದ ಗಡ್ಡ, ಹಲಸಿನ ಹಣ್ಣನ್ನು ಒಂದೇ ಕೈಯಲ್ಲಿ ಎತ್ತಬಲ್ಲಂಥ ಅಂಗೈ. ಇಂಥ ಮನುಷ್ಯ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಎದೆ ಮುಟ್ಟಿಕೊಂಡು "ತಾಂಗಿ" ಅಂದಾಗ ಅಮ್ಮ ಅವರ ಬೆನ್ನ ಹಿಂದೆ ಇಣುಕಿದಳು. ಅಲ್ಲಿ ಯಾರೂ ಇರಲಿಲ್ಲ.

"ಯಾರ ತಂಗಿಯೋ? ಎಲ್ಲಿದಾಳೆ?"

"ಇವರೇ ಅಮ್ಮ. ಇವರ ಹೆಸರೇ ಅದು."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದ ಅಮ್ಮ ಐದು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಕಾಫಿ ತಂದಳು, ಜೊತೆಗೆ ಒಂದು ತೀರ್ಮಾನವನ್ನೂ ತಂದಳು. "ಇಷ್ಟು ದೊಡ್ಡ ಗಂಡಸನ್ನ ತಂಗಿ ಅಂತ ಕರೆಯಕ್ಕೆ ನನ್ನ ಕೈಲಾಗಲ್ಲಪ್ಪ. ನಾನು ತಂಗಪ್ಪ ಅಂತೀನಿ." ಅಂದಿನಿಂದ ನಮ್ಮ ಮನೆಯಲ್ಲಿ ಅವರು ತಂಗಪ್ಪ.

ನೈರೋಬಿಯ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲಿ, ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜ್ ಇದೆ. ತೋಟಗಳಿಂದ ಬಂದ ಗುಲಾಬಿಗಳು ಯುರೋಪಿಗೆ ಹಾರುವ ತನಕ ಅಲ್ಲಿ ಎರಡು ಡಿಗ್ರಿ ಚಳಿಯಲ್ಲಿ ಕಾಯುತ್ತವೆ. ಆ ಚಳಿಯನ್ನು ಕಾಪಾಡುತ್ತಿದ್ದ ಮೆಕ್ಯಾನಿಕ್ ತಾಂಗಿ. ಉಳಿದವರೆಲ್ಲ ಟೋಪಿ, ಕೈಗವಸು ಹಾಕಿಕೊಂಡು ಹಲ್ಲು ಕಟಕಟಿಸುತ್ತಿದ್ದರೆ ಅವರು ಅರ್ಧ ತೋಳಿನ ಅಂಗಿಯಲ್ಲೇ ಒಳಗೆ ಹೋಗುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಡಾಕ್ಟರಂತೆ ಆಲಿಸಿ, "ಇವಳಿಗೆ ಕೆಮ್ಮು" ಎಂದು ತೀರ್ಪು ಕೊಡುತ್ತಿದ್ದರು. ತೀರ್ಪು ತಪ್ಪಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಇಂಥ ಘನವಂತರಿಗೆ ಒಂದೇ ಒಂದು ದೌರ್ಬಲ್ಯ. ಅದು ಅವರ ಹೆಸರು. ಯಾರಾದರೂ "ಏನದು ಹೆಸರು?" ಎಂದರೆ ಸಾಕು, "ಸ್ಪೆಲಿಂಗ್ ಬೇಕಾದರೆ ನಿಂತು ಕೇಳಿ, ಅರ್ಥ ಬೇಕಾದರೆ ಕೂತು ಕೇಳಿ" ಎನ್ನುತ್ತಿದ್ದರು. ಟ್ಯಾಕ್ಸಿ ಡ್ರೈವರುಗಳು ಹೇಗೂ ಕೂತೇ ಇರುವುದರಿಂದ ಅವರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗಂತೂ ಪೂರ್ತಿ ಉಪನ್ಯಾಸ.

ಉಪನ್ಯಾಸದ ಸಾರ ಇಷ್ಟು: ಫ್ರಾನ್ಸಿನ ಪಶ್ಚಿಮದ ಕೊನೆಯಲ್ಲಿ, ಸಮುದ್ರದೊಳಕ್ಕೆ ಮೂಗು ಚಾಚಿಕೊಂಡ ಬ್ರಿಟನಿ ಎಂಬ ಸೀಮೆ ಇದೆ. ಅಲ್ಲಿಯವರದ್ದು ಬ್ರೆಟನ್ ಎಂಬ ಬೇರೆಯೇ ಭಾಷೆ; ಅದನ್ನು ಫ್ರೆಂಚ್ ಅಂದವರ ಜೊತೆ ತಾಂಗಿ ಆ ದಿನ ಮಾತಾಡುವುದಿಲ್ಲ. ಆ ಭಾಷೆಯಲ್ಲಿ 'ತಾನ್' ಎಂದರೆ ಬೆಂಕಿ, 'ಕಿ' ಎಂದರೆ ನಾಯಿ. ಎರಡೂ ಸೇರಿ ತಾಂಗಿ, ಬೆಂಕಿನಾಯಿ. ಹಿಂದೆ ಯುದ್ಧವೀರನನ್ನು ನಾಯಿ ಎಂದು ಕರೆಯುವುದು ಹೊಗಳಿಕೆಯಾಗಿತ್ತಂತೆ.

ಇಷ್ಟನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ನಾಯಿಯನ್ನೂ ಬೆಂಕಿಯನ್ನೂ ಬಿಟ್ಟು ಬೇರೆಯೇ ಒಂದನ್ನು ಹಿಡಿದುಕೊಂಡಳು. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ನಿವೃತ್ತಿಯ ಮೇಲೆ ನನ್ನ ಜೊತೆ ಕೆಲವು ತಿಂಗಳು ಇರಲು ಬಂದವಳು.

"ಕಿ ಹೋಗಿ ಗಿ ಆಯ್ತಾ? ಆದೇಶ ಸಂಧಿ ಕಣೋ! ಮಳೆ, ಕಾಲ, ಮಳೆಗಾಲ. ತಾನ್, ಕಿ, ತಾಂಗಿ. ಹೇಳು ಅವರಿಗೆ."

ಹೇಳಿದೆ. ತಾಂಗಿ ಎದ್ದು ನಿಂತು ಅಮ್ಮನಿಗೆ ತಲೆ ಬಾಗಿಸಿದರು. ಇಪ್ಪತ್ತು ವರ್ಷದಲ್ಲಿ ನೈರೋಬಿಯಲ್ಲಿ ತಮ್ಮ ಹೆಸರಿನ ವ್ಯಾಕರಣ ಹಿಡಿದವರು ಇವರೊಬ್ಬರೇ ಎಂದರು. ಆ ಮೇಲೆ ಪ್ರತಿ ಭಾನುವಾರ ನಮ್ಮಲ್ಲೇ ಊಟ. ಅಮ್ಮ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ನಡುವೆ ನಾನು.

ಹೆಸರಿನ ಪಾಡು ಬೇರೆಡೆ ಇಷ್ಟು ಸುಖದ್ದಾಗಿರಲಿಲ್ಲ. ಸ್ವಾಹಿಲಿಯಲ್ಲಿ 'ತಂಗಿ' ಎಂದರೆ ನೀರಿನ ಟ್ಯಾಂಕು. ನಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಕಾವಲುಗಾರ ಹೆಸರು ಕೇಳಿ, "ಟ್ಯಾಂಕಾ? ಹಿಂದಿನ ಗೇಟಿಗೆ ಹೋಗಿ" ಎಂದು ನೀರಿನ ಲಾರಿಗಳು ನಿಲ್ಲುವ ಕಡೆಗೆ ಕಳಿಸಿಬಿಟ್ಟ. ಇಬ್ಬರೂ ಕೂತು ಅರ್ಥ ಮುಗಿಸುವಷ್ಟರಲ್ಲಿ ಸಾರು ಆರಿತ್ತು.

ನನ್ನನ್ನು ಏನೆಂದು ಕರೆಯಬೇಕು ಎಂದು ತಾಂಗಿ ಕೇಳಿದರು. ತಂಗಿಗೆ ಅಣ್ಣನೇ ಸರಿ ಎಂದೆ. ಅವರು ಮೇಜು ಬಡಿದು ನಕ್ಕರು. "ನಮ್ಮೂರಲ್ಲಿ ಅನ್ನಾ ಅಂದರೆ ಹುಡುಗಿಯ ಹೆಸರು! ನಿನಗೂ ಬೇಕಿತ್ತು." ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ಎಲ್ಲರೆದುರು ನನ್ನನ್ನು "ಅಣ್ಣಾ" ಎಂದು ಕೂಗಿದಾಗ ಕೋಲ್ಡ್ ಸ್ಟೋರೇಜಿನಲ್ಲಿದ್ದ ಇನ್ನೊಬ್ಬ ಕನ್ನಡಿಗ ನಗು ತಡೆಯಲಾರದೆ ಗುಲಾಬಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟಿದ್ದ.

ಒಂದು ಭಾನುವಾರ ಅವರು ಫೋನಿನಲ್ಲಿ ಮಗಳ ಫೋಟೋ ತೋರಿಸಿದರು. ಎನೋರಾ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಟೀಚರು, ತುಂಬು ಗರ್ಭಿಣಿ. ಹೆಂಡತಿ ಬಹಳ ಹಿಂದೆಯೇ ಬೇರೆಯಾಗಿದ್ದಳು. ಮಗಳನ್ನು ಬೆಳೆಸಿದವಳು ಅವಳೇ. ತಾಂಗಿಯವರ ಮನೆತನದಲ್ಲಿ ತಾತನ ಹೆಸರು ಮೊಮ್ಮಗನಿಗೆ ಹೋಗಬೇಕು. ಅವರಿಗೂ ತಾತನಿಂದಲೇ ಬಂದದ್ದು. ಆದರೆ ಎನೋರಾ ಒಪ್ಪುತ್ತಿಲ್ಲ. ಹೋದಲ್ಲೆಲ್ಲ ಸ್ಪೆಲಿಂಗ್ ಹೇಳುತ್ತ ಬದುಕುವ ಗ್ರಹಚಾರ ಮಗುವಿಗೆ ಯಾಕೆ ಅನ್ನುತ್ತಾಳೆ. ಅವಳಿಗೆ ಹೆಸರಿನ ಬಗ್ಗೆ ಒಂದು ಪುಟ ಬರೆದು ಕಳಿಸೋಣ, ಅರ್ಥ, ಮೂಲ, ಜನಪ್ರಿಯತೆ ಎಲ್ಲ ಇರಲಿ ಎಂದರು. ನಾನು ಲ್ಯಾಪ್‌ಟಾಪ್ ತೆರೆದೆ.

ಅರ್ಥಕ್ಕೆ ಬಂದಾಗಲೇ ಅಮ್ಮ ಅಡ್ಡ ಹಾಕಿದಳು. "ಬೆಂಕಿ ಇರ್ಲಿ. ನಾಯಿ ಅಂತ ಮೊದಲನೇ ಸಾಲಲ್ಲೇ ಬೇಡ." ಮೂಲಕ್ಕೆ ಬಂದಾಗ ತಾಂಗಿ ಅದೇ ಹೆಸರಿನ ಹಳೆಯ ಸಂತನೊಬ್ಬನ ಕಥೆ ಹೇಳಿದರು. ಅವನು ಪರಸ್ಥಳದಿಂದ ಊರಿಗೆ ಬಂದಾಗ ಮಲತಾಯಿ ಅವನ ತಂಗಿಯ ಮೇಲೆ ಚಾಡಿ ಹೇಳಿದಳು. ನಂಬಿದ ಅಣ್ಣ ವಿಚಾರಿಸದೆ ತಂಗಿಯ ತಲೆ ಕಡಿದ. ಆಕೆ ತನ್ನ ತಲೆಯನ್ನು ಕೈಯಲ್ಲಿ ಹಿಡಿದು ಬಂದು ಸತ್ಯ ಹೇಳಿದಳಂತೆ. ಅವನು ಉಳಿದ ಆಯುಷ್ಯವನ್ನೆಲ್ಲ ಪಶ್ಚಾತ್ತಾಪದಲ್ಲಿ ಸವೆಸಿ ಸಂತನಾದ.

"ರಾಮ ರಾಮ! ಬಸುರಿ ಹುಡುಗಿಗೆ ಇದನ್ನ ಬರೀತೀರಾ?" ಎಂದಳು ಅಮ್ಮ.

ಜನಪ್ರಿಯತೆಗೆ ಬಂದೆವು. "ನಿಮಗೆ ಗೊತ್ತಿರೋ ತಾಂಗಿಗಳು ಎಷ್ಟು ಜನ?" ಎಂದು ಕೇಳಿದೆ. ಅವರು ಬೆರಳು ಮಡಚಿದರು. ತಾತ. ತಾವು. ಊರಿನ ಒಬ್ಬ ಕಟುಕ. "ಆ ಕಟುಕ ಅಷ್ಟು ಒಳ್ಳೆಯವನಲ್ಲ" ಎಂದು ಮೂರನೆಯ ಬೆರಳನ್ನು ಮತ್ತೆ ಬಿಚ್ಚಿದರು.

ಆದರೂ ಪುಟ ಹೋಯಿತು. ಮೂರು ವಾರದ ನಂತರ ಮಗು ಹುಟ್ಟಿತು. ಗಂಡು. ಹೆಸರು ಲಿಯೋ.

"ಒಳ್ಳೇದು. ಚಿಕ್ಕ ಹೆಸರು. ಸಿಂಹ" ಎಂದರು ತಾಂಗಿ. ಅಷ್ಟೇ. ಆ ವಾರವೆಲ್ಲ ಯಾರಿಗೂ ಹೆಸರಿನ ಅರ್ಥ ಹೇಳಲಿಲ್ಲ. ಮಗುವನ್ನು ನೋಡಲು ಹೋಗಲೆಂದು ತೆಗೆಸಿದ್ದ ಟಿಕೆಟ್ಟನ್ನು ರದ್ದು ಮಾಡುವುದಾಗಿ ಹೇಳಿದರು. ನಾಲ್ಕನೇ ಚೇಂಬರಿನ ಕಂಪ್ರೆಸರ್ ಸರಿಯಿಲ್ಲವಂತೆ. ಅದು ಸರಿಯಾಗಿಯೇ ಇದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಭಾನುವಾರ ಊಟಕ್ಕೆ ಬಂದವರ ತಟ್ಟೆಗೆ ಅಮ್ಮ ಬಿಸಿಬೇಳೆಬಾತ್ ಬಡಿಸಿ, ಸೌಟನ್ನು ಕೈಯಲ್ಲೇ ಹಿಡಿದು ಎದುರಿಗೆ ಕೂತಳು. ಅದುವರೆಗೂ 'ನೀವು' ಅನ್ನುತ್ತಿದ್ದವಳು ಆ ದಿನ ಬಹುವಚನ ಬಿಟ್ಟಳು.

"ತಂಗಪ್ಪ, ಆ ನಿನ್ನ ಸಂತ ಯಾರದೋ ಮಾತು ಕೇಳಿ ತಂಗೀನ ಕಡಿದ. ನೀನು ಯಾರ ಮಾತೂ ಕೇಳ್ದೆ ಮಗಳನ್ನ ಕಡೀತಿದೀಯ. ಅವನಾದ್ರೂ ಸಂತ ಆದ. ನೀನೇನಾಗ್ತೀಯ?"

ನಾನು ಮೆತ್ತಗೆ ಮಾಡಿ ಅನುವಾದಿಸಲು ನೋಡಿದೆ. ತಾಂಗಿ ಕೈ ಎತ್ತಿ ತಡೆದರು. "ಅಣ್ಣಾ, ಸಕ್ಕರೆ ಹಾಕಬೇಡ. ಅಮ್ಮ ಹೇಳಿದ್ದನ್ನೇ ಹೇಳು."

ಹೇಳಿದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವಳು ಬೆಳೆಯುವಾಗ ನಾನು ಇಲ್ಲಿ ಹೂವಿಗೆ ಚಳಿ ಕೊಡುತ್ತಿದ್ದೆ. ಒಂದು ಹುಟ್ಟುಹಬ್ಬಕ್ಕೂ ಸಿಕ್ಕವನಲ್ಲ. ನಾನಂತೂ ಆ ಮನೆಯಲ್ಲಿ ಇರಲಿಲ್ಲ, ನನ್ನ ಹೆಸರಾದರೂ ಇರಲಿ ಅಂದುಕೊಂಡೆ" ಎಂದರು. ತಮಾಷೆಯಿಲ್ಲದ ಅವರ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ.

ಅಮ್ಮ ಸೌಟು ಕೆಳಗಿಟ್ಟಳು. "ಹೆಸರು ಇರೋದು ಬೇಡ. ನೀನೇ ಹೋಗಿ ಇರು. ನಮ್ಮಲ್ಲಿ ಮಗೂಗೆ ಕಿವೀಲಿ ಹೆಸರು ಹೇಳ್ತೀವಿ. ಶಾಲೇಲಿ ಏನಾದ್ರೂ ಬರೆಸ್ಕೊಳ್ಳಲಿ. ನೀನು ಎತ್ಕೊಂಡು, ಬಲಗಿವೀಲಿ ಮೂರು ಸಲ, ಮೆಲ್ಲಗೆ, ನಿನ್ನ ಹೆಸರು ಹೇಳು. ಯಾರು ಬೇಡ ಅಂತಾರೆ?"

ಆ ಗುರುವಾರವೇ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ನಾವಿಬ್ಬರೂ ಹೋಗಿದ್ದೆವು. ಒಳಗೆ ಹೋಗುವ ಮುಂಚೆ ಅಮ್ಮ, "ಒಂದು ಸಲ ಹೇಳಿ ತೋರ್ಸು" ಎಂದು ಪರೀಕ್ಷೆಗೆ ನನ್ನ ಕಿವಿಯನ್ನೇ ಒಡ್ಡಿಸಿದಳು. ಟ್ರಾಲಿಗಳ ನಡುವೆ ಆ ಭೀಮಕಾಯ ಬಗ್ಗಿ, ಗಡ್ಡವನ್ನು ನನ್ನ ಕೆನ್ನೆಗೆ ಒತ್ತಿ, ಮೂರು ಸಲ ತಮ್ಮ ಹೆಸರು ಹೇಳಿದರು. ಪಕ್ಕದ ಸಾಲಿನವರೆಲ್ಲ ತಿರುಗಿ ನೋಡಿದರು. "ಮೆಲ್ಲಗೆ ಅಂದ್ನಲ್ಲಾ" ಎಂದಳು ಅಮ್ಮ. ಅವರು ಅಮ್ಮನ ಎರಡೂ ಕೈ ಹಿಡಿದು "ಅಸಾಂಟೆ, ಅಮ್ಮ" ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ ಒಳಗೆ ಹೋದರು. ನಾನು ಅವರನ್ನು ಎದುರಿಗೆ ಕಂಡದ್ದು ಅದೇ ಕೊನೆ.

ಎರಡು ವಾರದ ರಜೆ ಎರಡು ತಿಂಗಳಾಯಿತು. ಆಮೇಲೆ ಕೆಲಸ ಬಿಡುವ ಪತ್ರ ಬಂತು. ಈಗಿನ ಮೆಕ್ಯಾನಿಕ್ ಕಂಪ್ರೆಸರಿಗೆ ತಂತಿ ಚುಚ್ಚಿ ಲ್ಯಾಪ್‌ಟಾಪ್ ನೋಡುತ್ತಾನೆ. ಜಾಣ ಹುಡುಗ, ಹೆಸರು ಜಾನ್. ಯಾರೂ ಅವನಿಗೆ ಅರ್ಥ ಕೇಳುವುದಿಲ್ಲ.

ಅಮ್ಮ ಮೈಸೂರಿಗೆ ಹಿಂತಿರುಗುವ ಮುಂಚಿನ ಭಾನುವಾರ ಮಧ್ಯಾಹ್ನ ತಾಂಗಿಯವರ ನಂಬರಿನಿಂದ ವಿಡಿಯೋ ಕರೆ ಬಂತು. ಪರದೆಯಲ್ಲಿ ಇದ್ದದ್ದು ಎನೋರಾ. "ಅಪ್ಪ ಕಿವಿಯಲ್ಲಿ ಹೆಸರು ಹೇಳಿದರು. ಗುಟ್ಟಾಗಿ ಹೇಳಿದ್ದೇನೆ ಅಂದುಕೊಂಡಿದ್ದಾರೆ. ಕೆಳಗಿನ ಮಹಡಿಯವರಿಗೂ ಗೊತ್ತಾಗಿದೆ" ಎಂದು ಪಿಸುಗುಟ್ಟಿ ನಕ್ಕಳು. ಆಮೇಲೆ ಫೋನನ್ನು ಸೋಫಾದ ಕಡೆಗೆ ತಿರುಗಿಸಿದಳು. ತಾಂಗಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎದೆಯ ಮೇಲೆ ಮಗು, ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದೂ ನಿದ್ದೆಯಲ್ಲಿತ್ತು. ಎನೋರಾ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು.

ಅಮ್ಮ ತಲೆಯಾಡಿಸಿ, ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಕುಕ್ಕರ್ ಕೂಗುವ ಮುಂಚೆ ಒಲೆ ಆರಿಸಿದಳು.